ಪುಟ್ಟಿಯ ಬೇಸಿಗೆ ರಜೆಯ ವಿಚಾರ

ಬ್ಯಾಂಗರ್, ವೇಲ್ಸ್
ಸೆಪ್ಟೆಂಬರ್ ಕೊನೆಯ ವಾರ

ಪ್ರೀತಿಯ ಅಪ್ಪಾಜಿ, ಅವ್ವ,

ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ. ಅಜ್ಜಿಯ ಮಂಡಿನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ಈ ಪತ್ರವನ್ನು ಪುಟ್ಟಿ ಕೈಯಲ್ಲಿ ಜೋರಾಗಿ ಓದಿಸಿ. ಅವಳಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಅಪ್ಪಾಜಿ, ಪುಟ್ಟಿ ಬೇಸಿಗೆ ರಜೆಯಲ್ಲಿ ಸಂಬಳ ಸಿಗುವ ಸಂಶೋಧನೆಯ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಿರುವ ಬಗ್ಗೆ ಹೋದ ಭಾನುವಾರ ನೀವು ಕೇಳಿದ್ದಕ್ಕೆ ಫೋನಿನಲ್ಲೇ ಏನೋ ಒಂದು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. "ಓದೋ ಹುಡುಗರಿಗೆ ಅವರೇ ದುಡ್ಡು ಕೊಟ್ಟು ಕಲಿಸ್ತಾರೆ ಅಂದ್ರೆ ಎಲ್ಲೋ ಮೋಸ ಇರ್ಬೇಕಲ್ಲಮ್ಮ" ಅಂದಿರಿ. ನಿಮ್ಮ ಅನುಮಾನಕ್ಕೆ ಕಾರಣವಿದೆ. ಪುಟ್ಟಿಯ ಗೆಳತಿಯ ಹತ್ತಿರ ಯಾರೋ ಇಂಟರ್ನ್‌ಶಿಪ್ ಅಂತ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು, ನಾಲ್ಕು ವಿಡಿಯೊ ತೋರಿಸಿ, ಸರ್ಟಿಫಿಕೇಟ್ ಕಳಿಸಿದರಂತೆ. ಅದು ಖಂಡಿತ ಮೋಸ. ಆ ಹುಡುಗಿಯ ಅಪ್ಪ ಶೇಂಗಾ ಮಾರಿ ಬಂದ ಹಣ ಅದು, ಕೇಳಿ ನನಗೆ ತುಂಬ ಹೊಟ್ಟೆ ಉರಿಯಿತು. ಆದರೆ ಪುಟ್ಟಿ ಕೇಳುತ್ತಿರುವುದು ಬೇರೆಯದೇ ವ್ಯವಹಾರ. ಇದರಲ್ಲಿ ನಮ್ಮ ಕೈಯಿಂದ ಅವರಿಗೆ ಹಣ ಹೋಗುವುದಿಲ್ಲ, ಅವರಿಂದ ನಮಗೆ ಬರುತ್ತದೆ. ಯಾಕೆ ಬರುತ್ತದೆ ಅನ್ನುವುದನ್ನು ನಾನು ಇಲ್ಲಿ ಕಣ್ಣಾರೆ ನೋಡಿದ್ದೇನೆ, ಅದನ್ನೇ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಪರಿಸರ ವಿಜ್ಞಾನದ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಒಂದು ಸಂಸ್ಥೆ ಇದೆ, ನ್ಯಾಚುರಲ್ ಎನ್ವಿರಾನ್‌ಮೆಂಟ್ ರಿಸರ್ಚ್ ಕೌನ್ಸಿಲ್ ಅಂತ, 1965ರಲ್ಲಿ ಶುರುವಾದದ್ದು. ನಮ್ಮಂಥ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಹಣ ಕೊಡುವುದರ ಜೊತೆಗೆ, ಇನ್ನೂ ಡಿಗ್ರಿ ಓದುತ್ತಿರುವ ಹುಡುಗರನ್ನು ಬೇಸಿಗೆ ರಜೆಯಲ್ಲಿ ಕೆಲವು ವಾರಗಳ ಮಟ್ಟಿಗೆ ಸಂಬಳ ಕೊಟ್ಟು ಸಂಶೋಧನೆಗೆ ಹಚ್ಚುವ ಯೋಜನೆಯನ್ನೂ ಅದು ನಡೆಸುತ್ತದೆ. ಪರಿಸರ ವಿಜ್ಞಾನಕ್ಕೆ ಲೆಕ್ಕ ಬಲ್ಲವರು ಸಾಲುತ್ತಿಲ್ಲ ಎಂಬ ಕೊರಗು ಇವರಿಗಿದೆ. ಹಾಗಾಗಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಓದುವವರನ್ನು ಈ ಕಡೆ ಎಳೆಯುವುದು ಈ ಯೋಜನೆಯ ಒಂದು ಉದ್ದೇಶ. ಇದು ಮುಖ್ಯವಾಗಿ ಇಲ್ಲಿ ಓದುವವರಿಗೆ, ಪುಟ್ಟಿಗೆ ಸಿಗುವಂಥದ್ದಲ್ಲ. ಅವಳಿಗೆ ಸಿಗುವುದು ಯಾವುದು ಅಂತ ಮುಂದೆ ಬರೆದಿದ್ದೇನೆ.

ಈ ಬೇಸಿಗೆಯಲ್ಲಿ ನಮ್ಮ ಗುಂಪಿಗೆ ಹಾಗೆ ಬಂದವಳು ಗಣಿತ ಓದುವ ಹುಡುಗಿ. ನಮ್ಮ ಪುಟ್ಟಿಗಿಂತ ಒಂದು ವರ್ಷ ದೊಡ್ಡವಳಿರಬಹುದು. ನನ್ನ ಕೆಲಸ ಪೀಟ್ ನೆಲದಲ್ಲಿ ಅಂತ ನಿಮಗೆ ಹೇಳಿದ್ದೆನಲ್ಲ. ಬೆಟ್ಟದ ಮೇಲೆ ಪಾಚಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಹಿಂದೆ ಕುರಿ ಮೇಯಿಸಲು ನೆಲ ಒಣಗಲಿ ಅಂತ ಕಾಲುವೆ ತೋಡಿದರು. ನೀರು ಇಳಿದು ಮಣ್ಣಿನೊಳಗೆ ಗಾಳಿ ಹೋದ ಮೇಲೆ, ಅಷ್ಟು ಕಾಲ ಉಳಿದಿದ್ದದ್ದೆಲ್ಲ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗತೊಡಗಿತು. ಈಗ ಆ ಕಾಲುವೆಗಳಿಗೆ ಅಡ್ಡ ಕಟ್ಟಿ ನೀರು ಮೇಲೆ ಬರುತ್ತದೆಯೇ ಅಂತ ಅಳೆಯುತ್ತಿದ್ದೇವೆ.

ಅಳೆಯುವ ರೀತಿ ಸರಳ. ಮೈತುಂಬ ತೂತು ಕೊರೆದ ಪ್ಲಾಸ್ಟಿಕ್ ಪೈಪನ್ನು ನೆಲಕ್ಕೆ ಇಳಿಸಿರುತ್ತೇವೆ. ಅದರೊಳಗೆ ಟೇಪು ಬಿಟ್ಟರೆ ತುದಿ ನೀರಿಗೆ ತಾಗಿದ ಕೂಡಲೇ ಬೀಪ್ ಅನ್ನುತ್ತದೆ. ಪೈಪು ನೆಲದಿಂದ ಮೇಲೆ ಎಷ್ಟು ಚಾಚಿದೆಯೋ ಅಷ್ಟನ್ನು ಕಳೆದರೆ ನೀರಿನ ಮಟ್ಟ. ಹೊಸ ಬೋರ್ ಕೊರೆಸಿದಾಗ ನೀವು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಕಿವಿಗೊಟ್ಟು ಕೂರುತ್ತಿದ್ದಿರಲ್ಲ, ಹಾಗೆಯೇ. ಇದರ ಜೊತೆಗೆ ಪೈಪಿನೊಳಗೆ ನೀರಿನ ಒತ್ತಡವನ್ನು ತಾನಾಗಿಯೇ ಬರೆದಿಡುವ ಸಣ್ಣ ಉಪಕರಣವೂ ಇರುತ್ತದೆ. ಆ ಹುಡುಗಿ ಮೊದಲ ವಾರ ನನ್ನ ಜೊತೆ ಮಳೆಯಲ್ಲಿ ನೆನೆದು, ಮೊಣಕಾಲವರೆಗೆ ಕೆಸರಲ್ಲಿ ಹೂತು, ಟೇಪಿನಿಂದ ಅಳೆದಳು. ಆಮೇಲೆ ಉಪಕರಣದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಗೆರೆ ಹಾಕಿ ನೋಡುತ್ತಾ, "ಎಲ್ಲಾ ಪೈಪುಗಳಲ್ಲೂ ನೀರು ಒಂದೇ ಗಳಿಗೆಯಲ್ಲಿ ಒಂದೇ ಅಳತೆ ಏರಿ ಇಳಿದಿದೆ. ಬೇರೆ ಬೇರೆ ಜಾಗದ ನೀರು ಹೀಗೆ ಮಾಡುತ್ತದೆಯೇ?" ಅಂತ ಕೇಳಿದಳು. ಆ ಉಪಕರಣದ ಮೇಲೆ ನೀರಿನ ಭಾರದ ಜೊತೆ ಗಾಳಿಯ ಭಾರವೂ ಬೀಳುತ್ತದೆ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಹೆಚ್ಚಾದರೆ ನೀರು ಒಂದು ಸೆಂಟಿಮೀಟರ್ ಏರಿದ ಹಾಗೆ ಅದು ತೋರಿಸುತ್ತದೆ. ಗಾಳಿಯ ಭಾರವನ್ನು ಬೇರೆ ಅಳೆದು ಕಳೆಯಬೇಕು ಎಂಬುದನ್ನು ನಾನು ಹೇಳುವ ಮೊದಲೇ ಅವಳು ಕಂಡುಕೊಂಡಿದ್ದಳು. ಎರಡೇ ದಿನದಲ್ಲಿ ಅದಕ್ಕೆ ಪ್ರೋಗ್ರಾಂ ಬರೆದು ಎಲ್ಲ ಅಂಕಿಗಳನ್ನೂ ಸರಿಮಾಡಿಕೊಟ್ಟಳು. ಈಗಲೂ ನಾನು ಅದನ್ನೇ ಬಳಸುತ್ತಿದ್ದೇನೆ.

ಸಂಬಳ ಯಾಕೆ ಕೊಡುತ್ತಾರೆ ಅಂತ ನೀವು ಕೇಳಿದ್ದಕ್ಕೆ ಇದೇ ಉತ್ತರ, ಅಪ್ಪಾಜಿ. ಅವಳು ದುಡಿದಳು, ಆ ದುಡಿಮೆ ನಮಗೆ ಬೇಕಿತ್ತು. ಇನ್ನೊಂದು ಕಾರಣವೂ ಇದೆ. ಪ್ರತಿ ಬೇಸಿಗೆಯಲ್ಲೂ ಅವಳು ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುತ್ತಿದ್ದಳಂತೆ, ಮುಂದಿನ ವರ್ಷದ ಬಾಡಿಗೆಗೆ ಆ ದುಡ್ಡೇ ಆಧಾರ. ಪುಕ್ಕಟೆ ಬಾ ಅಂದಿದ್ದರೆ ಅವಳು ಬರುವ ಹಾಗಿರಲಿಲ್ಲ.

ಡಿಗ್ರಿ ಓದುವಾಗ ರಜೆಯಲ್ಲಿ ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದದ್ದು ನಿಮಗೆ ನೆನಪಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಮನೆಗೆ ಆ ಹಣ ಬೇಕಿತ್ತು. ಆದರೆ ಅದೇ ರಜೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಕೂತು ಕಲಿತವರು ಹೆಚ್ಚಾಗಿ ಅಲ್ಲಿ ಉಳಿಯಲು ನೆಂಟರ ಮನೆ ಇದ್ದವರು, ಎರಡು ತಿಂಗಳ ಖರ್ಚು ಮನೆಯಿಂದ ತರಬಲ್ಲವರು. ಎಂ.ಎಸ್‌ಸಿ ಸಂದರ್ಶನದಲ್ಲಿ ಅವರಿಗೂ ನನಗೂ ಇದ್ದ ಅಂತರ ಬುದ್ಧಿಯದ್ದಾಗಿರಲಿಲ್ಲ. ಅವರು ಉಪಕರಣ ಮುಟ್ಟಿದ್ದರು, ನಾನು ಮುಟ್ಟಿರಲಿಲ್ಲ. ಕೂಲಿಯಿಲ್ಲದ ಅವಕಾಶ ಉಳ್ಳವರ ಮಕ್ಕಳಿಗೆ ಮಾತ್ರ ಅವಕಾಶ. ಪುಟ್ಟಿಯ ವಿಷಯದಲ್ಲಿ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಪುಟ್ಟಿಗೆ.

ಹೊರದೇಶದ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡು. ಅಮೆರಿಕ ಸರ್ಕಾರದ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್ 1987ರಿಂದ ನಡೆಸುತ್ತಿರುವ ಬೇಸಿಗೆ ಯೋಜನೆಯ ಹೆಸರು ನಿನ್ನ ಕಿವಿಗೂ ಬಿದ್ದಿರಬಹುದು. ಅದರ ಹಣ ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಎಂಬ ಸಂಶೋಧನಾ ಇಂಟರ್ನ್‌ಶಿಪ್ ಯೋಜನೆ ನಮ್ಮ ದೇಶದವರನ್ನೂ 12 ವಾರಕ್ಕೆ ಕರೆಸಿಕೊಳ್ಳುತ್ತದೆ, ಅದರ ಅರ್ಹತೆ ನೋಡಿಕೊಂಡು ಮುಂದೆ ಯೋಚಿಸೋಣ. ಈಗ ನೀನು ನೋಡಬೇಕಾದದ್ದು ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಅವುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್. ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ, ಶಿಷ್ಯವೇತನ, ಹೋಗಿಬರುವ ರೈಲಿನ ಖರ್ಚು. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ಬೇಸಿಗೆ ಬಂದ ಮೇಲೆ ಹುಡುಕಿದರೆ ಏನೂ ಸಿಗದು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥದ್ದೇ ಒಂದು ಫೆಲೋಶಿಪ್ ಇದೆ. ಅಕಾಡೆಮಿಯ ಫೆಲೋಶಿಪ್ಪಿಗೆ ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ನಿಮ್ಮ ಕೆಮಿಸ್ಟ್ರಿ ಮೇಡಂಗೆ ಇದನ್ನು ತಪ್ಪದೆ ಹೇಳು, ಅಷ್ಟು ಆಸ್ಥೆಯಿಂದ ಕಲಿಸುವವರಿಗೆ ಇದು ಗೊತ್ತಾಗದೆ ಹೋಗಬಾರದು.

ಅರ್ಜಿಯ ಜೊತೆ ನಿನಗೆ ಯಾಕೆ ಬೇಕು, ಏನು ಮಾಡುತ್ತೀ ಅಂತ ಬರೆಯಬೇಕು. "ಚಿಕ್ಕಂದಿನಿಂದ ನನಗೆ ಪ್ರಕೃತಿ ಎಂದರೆ ಪ್ರೀತಿ" ಅಂತ ಶುರುಮಾಡಬೇಡ, ಸಾವಿರ ಜನ ಅದನ್ನೇ ಬರೆದಿರುತ್ತಾರೆ. ನಮ್ಮೂರ ನೀರಿನ ಬಗ್ಗೆ ಬರೆ. ನಮ್ಮ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಚಿಕ್ಕಪ್ಪನ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು ಅದರಿಂದಲೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ನಮ್ಮದು ಗಟ್ಟಿ ಶಿಲೆಯ ನೆಲ, ನೀರು ಆಳದಲ್ಲಿ ಆ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತಷ್ಟೂ ಅದರ ಖನಿಜದಲ್ಲಿನ ಫ್ಲೋರೈಡ್ ಕರಗಿ ಸೇರಿಕೊಳ್ಳುತ್ತದೆ. ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನೀನು ಪ್ರಶ್ನೆ ಕೇಳಬೇಕಾದದ್ದು ಪಂಚಾಯ್ತಿಯ ಶುದ್ಧ ನೀರಿನ ಘಟಕದ ಹಿಂದೆ ನಿಂತು. ಮುಂದೆ ನಾಣ್ಯ ಹಾಕಿದರೆ ಕ್ಯಾನಿಗೆ ಒಳ್ಳೆಯ ನೀರು ಬೀಳುತ್ತದೆ. ಹಿಂದಿನ ಪೈಪಿನಿಂದ ಬೇಡವಾದ ನೀರು ಹಗಲೆಲ್ಲ ಚರಂಡಿಗೆ ಹರಿಯುತ್ತದೆ, ಸೋಸಿ ತೆಗೆದ ಉಪ್ಪು, ಫ್ಲೋರೈಡ್ ಎಲ್ಲ ಅದರಲ್ಲೇ ಇರುತ್ತದೆ. ಅದು ಕೊನೆಗೆ ಎಲ್ಲಿ ಇಂಗುತ್ತದೆ? ಪಕ್ಕದ ಬೋರಿನಲ್ಲಿ ಫ್ಲೋರೈಡ್ ಏರಿದೆಯೇ? ಇದಕ್ಕೆ ಬೇಕಾದ ಪರೀಕ್ಷೆ ಡಿಗ್ರಿ ವಿದ್ಯಾರ್ಥಿ ಮಾಡಬಲ್ಲಂಥದ್ದು. ಕೆಂಪು ಬಣ್ಣದ ದ್ರಾವಣಕ್ಕೆ ನೀರು ಬೆರೆಸಿದಾಗ ಫ್ಲೋರೈಡ್ ಎಷ್ಟು ಹೆಚ್ಚೋ ಬಣ್ಣ ಅಷ್ಟು ತೆಳುವಾಗುತ್ತದೆ, ಆ ತೆಳುವನ್ನು ಉಪಕರಣದಲ್ಲಿ ಅಳೆಯುತ್ತಾರೆ.

ಇನ್ನೊಂದು ಪ್ರಶ್ನೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, ಅಪ್ಪಾಜಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನ ಬೋರುಗಳಲ್ಲಿ ನೀರು ಮೇಲೆ ಬಂದಾಗ ಫ್ಲೋರೈಡ್ ಕಡಿಮೆಯಾಗುತ್ತದೆಯೇ, ಅಥವಾ ಬಂಡೆಯಲ್ಲಿ ಇಷ್ಟು ದಿನ ಒಣಗಿ ಕೂತದ್ದೂ ಕರಗಿ ಬಂದು ಹೆಚ್ಚಾಗುತ್ತದೆಯೇ? ಕೂತು ಯೋಚಿಸು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ನೀರಿನ ಸಂಶೋಧನೆಗೆಂದೇ ಒಂದು ಕೇಂದ್ರ ಇದೆ. ಅಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದಾರೆ ಎಂದು ಓದಿ, ಆಮೇಲೆ ಯಾರ ಹತ್ತಿರ ಕಲಿಯಬೇಕು ಅಂತ ತೀರ್ಮಾನಿಸು.

ಅಪ್ಪಾಜಿ, ಮೋಸವೋ ನಿಜವೋ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಸೇರಲು, ಸರ್ಟಿಫಿಕೇಟಿಗೆ, ಕಿಟ್ಟಿಗೆ ಅಂತ ಯಾವ ಹೆಸರಿನಲ್ಲಾದರೂ ಹಣ ಕೇಳಿದರೆ ಅಲ್ಲಿಗೆ ಬಿಟ್ಟುಬಿಡಿ. ಮಾರ್ಗದರ್ಶಕರು ಯಾರು, ಯಾವ ಸಂಸ್ಥೆ, ಎಷ್ಟು ದಿನ, ಹಣ ಯಾರು ಯಾವಾಗ ಕೊಡುತ್ತಾರೆ ಎಂಬುದು ಬರಹದಲ್ಲಿ ಇರಬೇಕು. ಶಿಷ್ಯವೇತನ ಕೆಲವೊಮ್ಮೆ ತಡವಾಗಿ ಕೈಸೇರುತ್ತದೆ, ಮೊದಲ ತಿಂಗಳ ಊಟದ ಖರ್ಚಿಗೆ ನಾನು ಕಳಿಸುತ್ತೇನೆ, ನೀವು ಯಾರ ಹತ್ತಿರವೂ ಕೈಗಡ ತೆಗೆದುಕೊಳ್ಳಬೇಡಿ.

ಅವ್ವ, ನಿನ್ನ ಚಿಂತೆ ಎಲ್ಲಿ ಉಳಿಯುತ್ತಾಳೆ ಅನ್ನುವುದು ತಾನೆ. ಆಯ್ಕೆಯಾದ ಮೇಲೆ ಹಾಸ್ಟೆಲ್ ಸಿಗುತ್ತದೆಯೇ ಎಂದು ಆ ಸಂಸ್ಥೆಗೇ ಮೊದಲು ಕೇಳೋಣ. ಸಿಗದಿದ್ದರೆ ನನ್ನ ಹಳೆಯ ರೂಮ್‌ಮೇಟ್ ಬೆಂಗಳೂರಿನಲ್ಲೇ ಇದ್ದಾಳೆ, ಅವಳ ಪಿಜಿಯಲ್ಲಿ ಮಾತಾಡಿದ್ದೇನೆ. ಬಿಸಿಎಂ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿರುವ ಹುಡುಗಿ, ಅಷ್ಟಕ್ಕೆ ಹೆದರುವವಳಲ್ಲ.

ಪುಟ್ಟಿ, ಒಂದೇ ಒಂದು ತೊಡಕು ಕಾಣುತ್ತಿದೆ. ದಾವಣಗೆರೆ ವಿಶ್ವವಿದ್ಯಾಲಯದ ನಿನ್ನ ಸೆಮಿಸ್ಟರ್ ಪರೀಕ್ಷೆ ಜೂನಿಗೆ ಹೋದರೆ ದಿನಾಂಕ ತಾಗಬಹುದು. ಪ್ರಿನ್ಸಿಪಾಲರ ಹತ್ತಿರ ಈಗಲೇ ಕೇಳಿಡು. ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿಸು. ಮೇಡಂ ಹತ್ತಿರ ಶಿಫಾರಸು ಪತ್ರವನ್ನು ಕೊನೆಯ ದಿನ ಕೇಳಬೇಡ, ದಸರಾ ರಜೆಗೆ ಮುಂಚೆಯೇ ಕೇಳು, ನೀನು ಏನು ಬರೆಯುತ್ತಿದ್ದೀ ಅಂತ ಅವರಿಗೂ ತೋರಿಸು. ಮೊದಲು ಕನ್ನಡದಲ್ಲೇ ಪೂರ್ತಿ ಬರೆದುಕೋ, ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತರೋಣ. ಭಾನುವಾರ ನಿಮ್ಮ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಒಂದು ಪುಟ ಆಗಿರಲಿ.

ಇಂತಿ ನಿಮ್ಮ ಮಗಳು