ಅಣ್ಣಿಗೇರಿಯಲ್ಲಿ ಬಸ್ ನಿಲ್ಲಿಸಿದವರಿಗೆ

ನಾನು ಹುಬ್ಬಳ್ಳಿ-ಗದಗ ರೂಟಿನಲ್ಲಿ ಕಂಡಕ್ಟರ್. ಈ ದಾರಿಯಲ್ಲಿ ಓಡಾಡುವವರಾದರೆ ಒಮ್ಮೆಯಾದರೂ ನನ್ನ ಕೈಯಿಂದ ಟಿಕೆಟ್ ತಗೊಂಡಿರುತ್ತೀರಿ. ಚಿಲ್ಲರೆ ವಿಷಯಕ್ಕೆ ನನ್ನಿಂದ ಬೈಸಿಕೊಂಡೂ ಇರಬಹುದು. ಮೊನ್ನೆ ಸೋಮವಾರಕ್ಕೆ ನನ್ನ ಹೃದಯದ ಚಿಕಿತ್ಸೆ ಆಗಿ ಒಂದು ವರ್ಷ ತುಂಬಿತು. ಈ ವರ್ಷದಲ್ಲಿ ಒಂದು ಸಲವೂ ಎದೆಬಡಿತದ ಆ ಓಟ ಬಂದಿಲ್ಲ. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅದಕ್ಕೆ ಬರೆಯಲು ಕೂತಿದ್ದೇನೆ. ಕೆಲವರ ಹೆಸರು ನನಗೆ ಗೊತ್ತೇ ಇಲ್ಲ. ಗೊತ್ತಿರುವವರು ಹೆಸರು ಹಾಕಬೇಡ ಅಂದಿದ್ದಾರೆ.

ಎರಡನೇ ಮಗ ಹುಟ್ಟಿದ ವರ್ಷ ಶುರುವಾಗಿದ್ದು ಇದು. ಸುಮ್ನೆ ನಿಂತಿರುತ್ತಿದ್ದೆ, ಸ್ವಿಚ್ ಒತ್ತಿದ ಹಾಗೆ ಎದೆ ಓಡಲು ಶುರು. ಬಗ್ಗಿ ಏನಾದರೂ ಎತ್ತಿಕೊಂಡಾಗ ಜಾಸ್ತಿ ಬರುತ್ತಿತ್ತು. ಎದೆಯಲ್ಲಷ್ಟೇ ಅಲ್ಲ, ಕುತ್ತಿಗೆಯಲ್ಲಿ ಕಪ್ಪೆ ಕೂತು ಕುಪ್ಪಳಿಸಿದ ಹಾಗೆ ಆಗುತ್ತಿತ್ತು. ಹತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ. ಆಮೇಲೆ ಟಕ್ಕನೆ ನಿಲ್ಲುತ್ತಿತ್ತು. ನಿಧಾನಕ್ಕೆ ಕಡಿಮೆಯಾಗುವ ಮಾತೇ ಇಲ್ಲ.

ಒಂಬತ್ತು ವರ್ಷ ಇದನ್ನು ಯಾರಿಗೂ ತೋರಿಸಲು ಆಗಲಿಲ್ಲ. ಯಾಕಂದರೆ ಇದು ಟಿಕೆಟ್ ಇಲ್ಲದೆ ಹತ್ತುವ ಪ್ಯಾಸೆಂಜರ್ ಇದ್ದ ಹಾಗೆ. ಚೆಕಿಂಗ್‌ನವರು ಹತ್ತುವ ಹೊತ್ತಿಗೆ ಇಳಿದು ಹೋಗಿರುತ್ತದೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯ ಒಳ್ಳೆ ಹುಡುಗಿಯ ಹಾಗೆ ನಿಮಿಷಕ್ಕೆ 80 ಬಡಿಯುತ್ತಿತ್ತು. ಇಸಿಜಿ ನಾರ್ಮಲ್. ಎಕೋ ನಾರ್ಮಲ್. ಥೈರಾಯ್ಡ್ ನಾರ್ಮಲ್. ರಕ್ತ ಸ್ವಲ್ಪ ಕಡಿಮೆ ಇದೆ ಅಂತ ಕಬ್ಬಿಣದ ಗುಳಿಗೆ ಕೊಟ್ಟರು. ಒಬ್ಬರು ಗ್ಯಾಸ್ ಅಂದರು. ಇನ್ನೊಬ್ಬರು, ಅವರ ಹೆಸರು ಬೇಡ, ನನ್ನ ಮುಖ ನೋಡದೆ ನಮ್ಮ ಮನೆಯವರ ಕಡೆ ತಿರುಗಿ "ಮನ್ಯಾಗ ಏನರ ಟೆನ್ಷನ್ ಐತೇನ್ರಿ?" ಅಂತ ಕೇಳಿ ನಿದ್ದೆ ಗುಳಿಗೆ ಬರೆದರು. ನಿದ್ದೆ ಗುಳಿಗೆ ನುಂಗಿ ಬೆಳಗಿನ ಐದರ ಡ್ಯೂಟಿಗೆ ಹೋಗುವುದು ಹೇಗೆ ಅಂತ ಮಾತ್ರ ಹೇಳಲಿಲ್ಲ.

2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರಲ್ವಾ, ಆ ವಾರ ನಮ್ಮ ಮನೆಯಲ್ಲೂ ಎಲ್ಲರಿಗೂ ಭಯ ಹಿಡಿಯಿತು. ನನ್ನನ್ನು ಎಳೆದುಕೊಂಡು ಹೋದರು. ಆಸ್ಪತ್ರೆ ತುಂಬ ಇಸಿಜಿಗೆ ಪಾಳಿ. ನನ್ನದು ಮತ್ತೆ ನಾರ್ಮಲ್. ಆಮೇಲೊಮ್ಮೆ ಹೋಲ್ಟರ್ ಕಟ್ಟಿದರು. ಅದು 24 ಗಂಟೆ ಮೈಮೇಲೆ ಇದ್ದು ಬಡಿತ ಬರೆದುಕೊಳ್ಳುವ ಪುಟ್ಟ ಡಬ್ಬಿ. ಹೋಲ್ಟರ್ ಅನ್ನುವ ಅಮೆರಿಕದ ವಿಜ್ಞಾನಿ ಮಾಡಿದ್ದಕ್ಕೆ ಆ ಹೆಸರು. ಅದನ್ನು ಕಟ್ಟಿಕೊಂಡೇ ಡ್ಯೂಟಿ ಮಾಡಿದೆ. ಕುಸುಗಲ್ಲಿನಲ್ಲಿ ಹತ್ತಿದ ಅಜ್ಜಿಯೊಬ್ಬರು "ಏನವ್ವಾ, ಹೊಸಾ ಟಿಕೆಟ್ ಮಷಿನ್ ಏನ ಇದು?" ಅಂದರು. ಆ ದಿನ ಏನೂ ಬರಲಿಲ್ಲ. ಬಿಚ್ಚಿಕೊಟ್ಟ ಮೂರನೇ ದಿನ ಬಂತು.

ಹಾಗಾಗಿ ಮೊದಲ ಥ್ಯಾಂಕ್ಸ್ ಯಾವ ಡಾಕ್ಟರಿಗೂ ಅಲ್ಲ, ನಮ್ಮ ಅತ್ತೆಗೆ. ಅತ್ತೆ ಉಪ್ಪು, ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದವರೇ. ಆದರೆ ಒಂದು ರಾತ್ರಿ ಅಡುಗೆಮನೆಯಲ್ಲಿ ಓಟ ಶುರುವಾದಾಗ ಅವರು ತಮ್ಮ ಅಂಗೈಯನ್ನು ನನ್ನ ಎದೆ ಮೇಲೆ ಇಟ್ಟರು. ಹಿಟ್ಟು ಮೆತ್ತಿದ ಕೈ. ಪೂರ್ತಿ ನಿಲ್ಲುವವರೆಗೆ ತೆಗೆಯಲಿಲ್ಲ. ಕಡೆಗೆ ಮಗನನ್ನು ಕರೆದು ಹೇಳಿದರು: "ಇದು ಗ್ಯಾಸ್ ಅಲ್ಲೋ. ಕುದುರಿ ಓಡಿದಂಗ ಓಡಾಕತ್ತೈತಿ. ಈಕಿ ಸುಳ್ಳ ಹೇಳಾಂಗಿಲ್ಲ." ಕೊನೆಯ ಆ ಮೂರು ಮಾತಿನ ಬೆಲೆ, ಒಂಬತ್ತು ವರ್ಷ "ಏನೂ ಇಲ್ಲ" ಅಂತ ಕೇಳಿದವರಿಗೆ ಗೊತ್ತು.

ಇನ್ನು ಆ ದಿನದ ವಿಷಯ. ನಲವಡಿ ದಾಟಿತ್ತು. ಬಸ್ ತುಂಬಿತ್ತು, ಹೆಣ್ಣುಮಕ್ಕಳೇ ಜಾಸ್ತಿ. 5 ರೂಪಾಯಿ ನಾಣ್ಯ ಕೆಳಗೆ ಬಿತ್ತು, ಬಗ್ಗಿದೆ, ಶುರುವಾಯಿತು. ಯಾವಾಗಲೂ ಕಂಬ ಹಿಡಿದು ನಿಂತು ಹೇಗೋ ಕಳೆಯುತ್ತಿದ್ದೆ. ಅವತ್ತು ಕಣ್ಣು ಮಂಜಾಗಿ ಮೆಟ್ಟಿಲ ಹತ್ತಿರವೇ ಕೂತುಬಿಟ್ಟೆ. ಗದಗಿಗೆ ಹೊರಟಿದ್ದ ನರ್ಸಿಂಗ್ ಓದುವ ಹುಡುಗಿ ಬಂದು ಮಣಿಕಟ್ಟು ಹಿಡಿದಳು. ಎಣಿಸಲು ನೋಡಿದಳು, ಆಗಲಿಲ್ಲ. ಅಷ್ಟು ಜೋರು. ಆಮೇಲೆ ಡ್ರೈವರ್ ಕಾಕಾ ಕಡೆ ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ಕಾಕಾ, ಅಣ್ಣಿಗೇರಿ ದವಾಖಾನಿಗೆ ಹೊಡೀರಿ! ಇದು ಇದ್ದಾಗನ ಇಸಿಜಿ ಆಗಬೇಕು. ನಿಂತಮ್ಯಾಲ ತೆಗದ್ರ ಏನೂ ಸಿಗಂಗಿಲ್ಲ!"

ತಂಗಿ, ನೀನು ಯಾವ ಕಾಲೇಜು ಅಂತಲೂ ಕೇಳಲಿಲ್ಲ ನಾನು. ಒಂಬತ್ತು ವರ್ಷದಲ್ಲಿ ಈ ಮಾತು ಹೇಳಿದ ಮೊದಲನೇ ಮನುಷ್ಯಳು ನೀನು. ಮುಂದಿನದೆಲ್ಲ ಆಗಿದ್ದು ಆ ಮಾತಿನಿಂದ.

ಕಾಕಾ ಸ್ಟ್ಯಾಂಡಿಗೆ ಹೋಗದೆ ಬಸ್ಸನ್ನು ನೇರ ಸರ್ಕಾರಿ ಆಸ್ಪತ್ರೆ ಮುಂದೆ ನಿಲ್ಲಿಸಿದರು. ಐವತ್ತಕ್ಕೂ ಜಾಸ್ತಿ ಜನ. ಕೋರ್ಟಿಗೆ ಹೊರಟವರಿದ್ದರು, ಮದುವೆಗೆ ಹೊರಟವರಿದ್ದರು. ಯಾರೂ ಗೊಣಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಒಬ್ಬರು ಗೊಣಗಿದರು. ಉಳಿದವರು ಅವರಿಗೆ ಮಂಗಳಾರತಿ ಮಾಡಿದರಂತೆ. ಆಮೇಲೆ ಎಲ್ಲರೂ ಹಿಂದಿನ ಬಸ್ಸಿಗೆ ನಿಂತುಕೊಂಡು ಹೋದರು. ಅವರೆಲ್ಲರಿಗೂ, ಗೊಣಗಿದವರಿಗೂ, ನನ್ನ ನಮಸ್ಕಾರ.

ಒಳಗೆ ಡ್ಯೂಟಿಯಲ್ಲಿದ್ದ ಸಿಸ್ಟರ್ "ಚೀಟಿ ಆಮ್ಯಾಲ ಮಾಡ್ಸೂಣು" ಅಂತ ನನ್ನನ್ನು ಮಲಗಿಸಿದರು. ಕೈಕಾಲಿಗೆ ನಾಲ್ಕು ಕ್ಲಿಪ್, ಎದೆಗೆ ಆರು ಬಟ್ಟಲು. ಕಾಗದ ಹೊರಬಂತು. ಆ ಗುಲಾಬಿ ಕಾಗದವನ್ನು ಈಗ ನಾನು ಓದಬಲ್ಲೆ, ಒಂದು ಲೆಕ್ಕ ಕಲಿತಿದ್ದೇನೆ. ಅದರಲ್ಲಿ ದಪ್ಪ ಗೆರೆಯ ಚೌಕಗಳಿರುತ್ತವೆ. ಒಂದು ಚೌಕ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಒಂದು ಬಡಿತದಿಂದ ಇನ್ನೊಂದಕ್ಕೆ ಎಷ್ಟು ಚೌಕ ಅಂತ ನೋಡಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕ ಇದ್ದರೆ 75. ನನ್ನದು ಒಂದೂವರೆ ಚೌಕ. 200! ಸಾಲಾಗಿ, ಒಂದೇ ಅಂತರದಲ್ಲಿ, ಹೊಲಿಗೆ ಮಷಿನ್ ಹೊಡೆದ ಹಾಗೆ. ಸಿಸ್ಟರ್ ಅದನ್ನು ಹರಿದು ನನ್ನ ಕೈಯಲ್ಲೇ ಇಟ್ಟು "ಇದನ್ನ ಕಳಕೋಬ್ಯಾಡ್ರಿ ಅಕ್ಕಾರ, ಬಂಗಾರ ಇದು" ಅಂದರು. ಟಿಕೆಟ್ ಲೆಕ್ಕದ ಹಾಳೆ, ವೇ ಬಿಲ್, ಮಡಚುವ ಹಾಗೆ ಮಡಚಿ ಹಿಡಿದುಕೊಂಡೆ.

ಅಲ್ಲಿನ ಡಾಕ್ಟರ್ ಖಾಲಿ ಸಿರಿಂಜ್ ಕೊಟ್ಟು 15 ಸೆಕೆಂಡ್ ಜೋರಾಗಿ ಊದಿಸಿದರು, ತಕ್ಷಣ ಅಂಗಾತ ಮಲಗಿಸಿ ಕಾಲು ಮೇಲೆತ್ತಿದರು. ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತದಂತೆ. ನನಗೆ ನಿಲ್ಲಲಿಲ್ಲ. ಆಂಬುಲೆನ್ಸ್‌ನಲ್ಲಿ ಗದಗಿಗೆ ಕಳಿಸಿದರು. ಅಲ್ಲಿ ಅಡಿನೋಸಿನ್ ಅನ್ನುವ ಇಂಜೆಕ್ಷನ್. ಕೊಡುವ ಮೊದಲು ಡಾಕ್ಟರ್ ನನ್ನ ಕಣ್ಣು ನೋಡಿ ಹೇಳಿದರು: "ಕೆಲವು ಸೆಕೆಂಡ್ ಸತ್ತೇ ಹೋದೆ ಅನಿಸುತ್ತದೆ. ಸಾಯುವುದಿಲ್ಲ. ಎಣಿಸುತ್ತಾ ಇರಿ." ಔಷಧಿ, ಅದರ ಬೆನ್ನಿಗೇ ಸಲೈನ್ ಜೋರಾಗಿ ತಳ್ಳಿದರು. ಮುಖ ಬಿಸಿಯಾಯಿತು, ಎದೆ ಮೇಲೆ ಯಾರೋ ಕೂತ ಹಾಗೆ. ಏಳು ಎಣಿಸಿದೆ. ಎಂಟಕ್ಕೆ ನಿಂತಿತ್ತು. ಹೃದಯವಲ್ಲ, ಓಟ. ಆ ಔಷಧಿ ರಕ್ತದಲ್ಲಿ ಕೆಲವೇ ಸೆಕೆಂಡ್ ಇರುತ್ತದಂತೆ, ಅದಕ್ಕೇ ಅಷ್ಟು ಅವಸರ. ಮುಂಚೆಯೇ ಹೇಳಿ ಧೈರ್ಯ ಕೊಟ್ಟ ಆ ಡಾಕ್ಟರಿಗೆ ಋಣಿ. ಹೇಳದೇ ಕೊಟ್ಟಿದ್ದರೆ ನಾನು ಮಂಚ ಬಿಟ್ಟು ಓಡುತ್ತಿದ್ದೆ.

ಕಾಗದ ಕೈಯಲ್ಲಿ ಇದ್ದಮೇಲೆ ಎಲ್ಲರೂ ನಂಬಿದರು. ಬೆಂಗಳೂರಿನ ಜಯದೇವಕ್ಕೆ ಹೋದೆವು. ಅಲ್ಲಿನ ಡಾಕ್ಟರ್ ಮೇಡಂ ಮೂರು ಪ್ರಶ್ನೆ ಕೇಳಿದರು. ಟಕ್ಕನೆ ಶುರು, ಟಕ್ಕನೆ ನಿಲುಗಡೆನಾ? ಕುತ್ತಿಗೆಯಲ್ಲಿ ಬಡಿಯುತ್ತಿತ್ತಾ? ನಿಂತ ಮೇಲೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತಿತ್ತಾ? ಮೂರನೆಯದಕ್ಕೆ ನನಗೆ ಅಳುವೇ ಬಂತು. ಲೇಡಿ ಕಂಡಕ್ಟರಿಗೆ ಮೊದಲೇ ದಾರಿಯಲ್ಲಿ ಅದೊಂದು ದೊಡ್ಡ ಕಷ್ಟ. ಓಟ ನಿಂತ ಮೇಲಂತೂ ಎರಡು-ಮೂರು ಸಲ ಹೋಗಲೇಬೇಕಾಗುತ್ತಿತ್ತು. ಇದನ್ನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹೃದಯದ ಮೇಲಿನ ಕೋಣೆ ಉಬ್ಬಿದಾಗ ಒಂದು ಹಾರ್ಮೋನ್ ಬಿಡುತ್ತದೆ, ಅದು ಕಿಡ್ನಿಗೆ ನೀರು ಹೊರಹಾಕು ಅನ್ನುತ್ತದೆ, ಅಷ್ಟೇ ಅಂದರು ಮೇಡಂ. ನನ್ನ ಕುತ್ತಿಗೆಯ ಕಪ್ಪೆಗೂ ವೈದ್ಯರ ಭಾಷೆಯಲ್ಲಿ ಕಪ್ಪೆ ಅಂತಲೇ ಹೆಸರಿದೆಯಂತೆ!

ಕಾಯಿಲೆಯ ಹೆಸರು ಉದ್ದ ಇದೆ, ಚಿಕ್ಕದಾಗಿ ಎವಿಎನ್‌ಆರ್‌ಟಿ. ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ಹೋಗಲು ನಡುವೆ ಒಂದು ಗೇಟ್ ಇದೆ. ಕೆಲವರಿಗೆ ಹುಟ್ಟಿನಿಂದಲೇ ಆ ಗೇಟಿಗೆ ಎರಡು ದಾರಿ ಇರುತ್ತವೆ, ಒಂದು ಜೋರಾದದ್ದು, ಒಂದು ನಿಧಾನದ್ದು. ಯಾವತ್ತೋ ಒಂದು ಬಡಿತ ಹೊತ್ತು ತಪ್ಪಿ ಬಂದರೆ, ಕರೆಂಟ್ ನಿಧಾನದ ದಾರಿಯಲ್ಲಿ ಇಳಿದು ಜೋರಿನ ದಾರಿಯಲ್ಲಿ ವಾಪಸ್ ಏರಿ, ಮತ್ತೆ ಇಳಿದು, ಸುತ್ತುತ್ತಲೇ ಇರುತ್ತದೆ. ಹುಬ್ಬಳ್ಳಿಯವರಿಗೆ ಹೇಳಬೇಕಂದರೆ, ಚೆನ್ನಮ್ಮ ಸರ್ಕಲ್ ಒಳಗೆ ಹೊಕ್ಕ ಬಸ್ ಹೊರಗೆ ಬೀಳುವ ದಾರಿ ಸಿಗದೆ ಸುತ್ತಿದ ಹಾಗೆ. ಒಂದೊಂದು ಸುತ್ತಿಗೂ ಹೃದಯ ಒಮ್ಮೆ ಬಡಿಯುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಟೆನ್ಷನ್ ಅಂತ ಕಳಿಸಿಬಿಡುವುದೂ ನಮ್ಮನ್ನೇ ಅಲ್ವಾ!

ದಿನಾ ಗುಳಿಗೆ ತಗೊಂಡು ಇರಬಹುದು, ಇಲ್ಲ ಆ ನಿಧಾನದ ದಾರಿಯನ್ನೇ ಸುಟ್ಟು ಮುಚ್ಚಬಹುದು ಅಂದರು. ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ಗುಣವಾಗುತ್ತದೆ. ಆದರೆ ಪಕ್ಕದಲ್ಲೇ ಮುಖ್ಯ ದಾರಿ ಇರುವುದರಿಂದ, ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನಕ್ಕೆ ಅದೂ ಕೆಟ್ಟು, ಬಡಿತ ನಡೆಸುವ ಪುಟ್ಟ ಯಂತ್ರ, ಪೇಸ್‌ಮೇಕರ್, ಬೇಕಾಗಬಹುದು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದರು. ನಮ್ಮ ಮನೆಯವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾನು ಸಹಿ ಹಾಕಿದೆ.

ಎದೆ ಸೀಳಲಿಲ್ಲ. ತೊಡೆಯ ಸಂದಿಗೆ ಮರಗಟ್ಟುವ ಇಂಜೆಕ್ಷನ್, ಅಲ್ಲಿನ ರಕ್ತನಾಳದಿಂದ ತೆಳುವಾದ ವೈರ್‌ಗಳು ಹೃದಯದ ತನಕ. ಎಚ್ಚರ ಇತ್ತು. ಮಜಾ ಅಂದರೆ, ಮೊದಲು ಅವರೇ ಕರೆಂಟ್ ಕೊಟ್ಟು ಆ ಓಟ ಎಬ್ಬಿಸುತ್ತಾರೆ. ಒಂಬತ್ತು ವರ್ಷ ಯಾರ ಕೈಗೂ ಸಿಗದೇ ಓಡಿದ್ದು, ಅವರು ಕರೆದ ಕೂಡಲೇ ಬಂತು. "ಬಂತು ನೋಡಿ, ಇದೇನಾ ನಿಮ್ಮದು?" ಅಂದರು ಮೇಡಂ. "ಇದ ರೀ ಮೇಡಂ, ಇದ!" ಅಂತ ಕಿರುಚಿದೆ. ಎಲ್ಲರೂ ನಕ್ಕರು. ಆಮೇಲೆ ವೈರಿನ ತುದಿ ಬಿಸಿ ಮಾಡಿ ಸುಟ್ಟರು, 50-60 ಡಿಗ್ರಿ ಅಷ್ಟೇ. ಮತ್ತೆ ಎಬ್ಬಿಸಲು ನೋಡಿದರು. ಬರಲಿಲ್ಲ. ಇನ್ನೊಮ್ಮೆ ನೋಡಿದರು. ಬರಲಿಲ್ಲ. ಕಾಲು ಮಡಚದೆ ಆರು ತಾಸು ಮಲಗಿದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಮಾರನೇ ದಿನ ಕಳಿಸಿದರು. ಕೆಲವು ವಾರ ಒಂದೊಂದು ಬಡಿತ ತಪ್ಪಿದ ಹಾಗೆ ಆಗುತ್ತಿತ್ತು, ಅದೂ ಹೋಯಿತು.

ದುಡ್ಡಿನ ಚಿಂತೆಯನ್ನು ಡಿಪೋದ ಗೆಳತಿಯರು ಹೊತ್ತರು. ಒಬ್ಬಾಕೆ ತನ್ನ ಸರದಿಯ ಚೀಟಿ ಹಣ ನನಗೆ ಬಿಟ್ಟುಕೊಟ್ಟಳು, ಮಗಳ ಕಾಲೇಜು ಫೀಸಿಗೆ ಇಟ್ಟುಕೊಂಡಿದ್ದ ಹಣ ಅದು. ಇದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಈಗ ಬಸ್ಸಿನಲ್ಲಿ ಯಾರಾದರೂ ಎದೆ ಡವಡವ ಅಂದರೆ ಮಣಿಕಟ್ಟು ಹಿಡಿಯುವ ಚಟ ಬಂದಿದೆ. ಹುಲಕೋಟಿಯ ಒಬ್ಬ ಅಜ್ಜಾರ ನಾಡಿ ನನ್ನದರ ಹಾಗೆ ಹೊಲಿಗೆ ಮಷಿನ್ ಆಗಿರಲಿಲ್ಲ. ಒಂದು ಬೇಗ, ಎರಡು ತಡ, ಲೆಕ್ಕವೇ ಇಲ್ಲ. ಇವತ್ತೇ ಇಸಿಜಿ ಮಾಡಿಸಿರಿ ಅಂತ ಗಂಟು ಬಿದ್ದೆ. ಅವರದ್ದು ಬೇರೆ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್. ಅದರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಭಯ ಇರುತ್ತದೆ. ಅವರೀಗ ರಕ್ತ ತೆಳುವಾಗಿಸುವ ಗುಳಿಗೆ ತಗೋತಾರೆ, ನನಗೆ ಶೇಂಗಾ ತಂದುಕೊಡುತ್ತಾರೆ.

ಕಡೆಗೆ ಒಬ್ಬರು ಉಳಿದರು. ಅವತ್ತು ಆಸ್ಪತ್ರೆ ಬಾಗಿಲಲ್ಲಿ ನನ್ನ ಹಣದ ಚೀಲ ತೊಡೆ ಮೇಲೆ ಇಟ್ಟುಕೊಂಡು, ಡಿಪೋದವರು ಬರುವ ತನಕ ಕೂತಿದ್ದ ಉಳ್ಳಾಗಡ್ಡಿ ವ್ಯಾಪಾರಿ ಅಣ್ಣಾರು. ಕಂಡಕ್ಟರಿಗೆ ಚೀಲದಲ್ಲಿ ಕಡಿಮೆ ಬಿದ್ದರೂ ತಪ್ಪು, ಜಾಸ್ತಿ ಬಂದರೂ ತಪ್ಪು. ಅವತ್ತು ಎಣಿಸಿದಾಗ 43 ರೂಪಾಯಿ ಜಾಸ್ತಿ ಇತ್ತು. ಮೇಲಿನವರು ಕೇಳಿದರು. ನಾನು ಮಂಚದ ಮೇಲಿಂದಲೇ ಲೆಕ್ಕ ಕೊಟ್ಟೆ: ಮೂವರಿಗೆ ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟಿದ್ದೆ, 20, 15, 8. ಮೂವರೂ ಕೇಳದೆ ಇಳಿದು ಹೋಗಿದ್ದಾರೆ. ಬೆಳಗಿನ ಎಂಟರ ಟ್ರಿಪ್‌ನಲ್ಲಿ ನಾನೇ ಇರುತ್ತೇನೆ. ಟಿಕೆಟ್ ಇಲ್ಲದಿದ್ದರೂ ನಡೆಯುತ್ತದೆ, ಬಂದು ಇಸ್ಕೊಳ್ಳಿ.