ಮಕ್ಕಳ ಔಷಧದ ಸರದಿ ಕಡತಕ್ಕಾಗಿ ಕಾಯದಿರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಅಲ್ಸರೇಟಿವ್ ಕೊಲೈಟಿಸ್ ಇರುವ ಹುಡುಗಿಯೊಬ್ಬಳ ತಾಯಿ ನಾನು. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತ ಒಸರುವ ಈ ಕಾಯಿಲೆ ದೊಡ್ಡವರಲ್ಲಿ ಎಷ್ಟೋ ಸಲ ಕರುಳಿನ ಕೊನೆಯ ಭಾಗದಲ್ಲಷ್ಟೇ ಇರುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಇಡೀ ದೊಡ್ಡ ಕರುಳನ್ನೇ ಆವರಿಸುತ್ತದೆ. ಆದರೂ ಬಯಲಾಜಿಕ್ ಔಷಧ (ಜೀವಕೋಶಗಳಿಂದ ತಯಾರಿಸಿದ, ಕರುಳಿನ ಉರಿಯೂತ ತಗ್ಗಿಸುವ ಔಷಧ) ಮಂಜೂರು ಮಾಡುವಾಗ ದೊಡ್ಡವರ ಅಳತೆಗೋಲನ್ನೇ ಮಕ್ಕಳಿಗೂ ಹಿಡಿಯಲಾಗುತ್ತಿದೆ.

‘ಮೊದಲು ಇನ್ನೊಂದು ಸುತ್ತು ಸ್ಟೀರಾಯ್ಡ್ ಕೊಟ್ಟು ನೋಡಿ’ ಎಂಬ ಉತ್ತರ ಈ ಔಷಧ ಕೇಳಿದಾಗ ನಮಗೂ ಬಂದಿತ್ತು. ಸ್ಟೀರಾಯ್ಡ್‌ನಿಂದ ರಕ್ತಸ್ರಾವ ಬೇಗ ಹತೋಟಿಗೆ ಬರಬಹುದು, ನಿಜ. ಆದರೆ ಅದನ್ನೇ ಮುಂದುವರಿಸಿದರೆ ಮೂಳೆ ದುರ್ಬಲವಾಗುತ್ತದೆ, ಬೆಳೆಯುವ ವಯಸ್ಸಿನಲ್ಲಿ ಎತ್ತರ ಕುಂಠಿತವಾಗುತ್ತದೆ, ಮುಖ ಊದಿಕೊಳ್ಳುತ್ತದೆ. ಆ ವರ್ಷದ ಶಾಲೆಯ ಗುಂಪುಚಿತ್ರದಲ್ಲಿ ನನ್ನ ಮಗಳು ಹಿಂದಿನ ಸಾಲಿಗೆ ಸರಿದು, ಗೆಳತಿಯ ಭುಜದ ಹಿಂದೆ ಕೆನ್ನೆ ಮರೆಸಿಕೊಂಡಿದ್ದಾಳೆ.

ಆರು ವರ್ಷ ದಾಟಿದ ಮಕ್ಕಳ ಈ ಕಾಯಿಲೆಗೆ ಬಯಲಾಜಿಕ್ ಔಷಧವಾದ ಇನ್‌ಫ್ಲಿಕ್ಸಿಮ್ಯಾಬ್ ಬಳಸಲು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಒಪ್ಪಿಗೆ ನೀಡಿದ್ದಾರೆ. ಇನ್ನೊಂದು ಬಯಲಾಜಿಕ್ ಔಷಧವಾದ ಅಡಲಿಮುಮ್ಯಾಬ್‌ಗೆ ದೊಡ್ಡವರ ವಿಷಯದಲ್ಲಿ 2012ರಲ್ಲಿ ಸಿಕ್ಕ ಒಪ್ಪಿಗೆ ಮಕ್ಕಳಿಗೆ ಸಿಕ್ಕಿದ್ದು 2021ರಲ್ಲಿ. ಈ ನಡುವಿನ ವರ್ಷಗಳೇ ಒಬ್ಬ ಮಗುವಿನ ಬಾಲ್ಯವಲ್ಲವೇ?

ಇನ್‌ಫ್ಲಿಕ್ಸಿಮ್ಯಾಬ್‌ನ ನಿಗದಿತ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. ಮೊದಲ ಸಲ ಕೊಟ್ಟ ಮೇಲೆ ಎರಡನೆಯ ಮತ್ತು ಆರನೆಯ ವಾರ, ಅನಂತರ ಎಂಟು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಹನಿಸುತ್ತಾರೆ. ತೂಕ ಕಡಿಮೆಯಿರುವ, ಕಾಯಿಲೆ ಉಲ್ಬಣಿಸಿದ ಮಕ್ಕಳಲ್ಲಿ ಔಷಧ ಬೇಗನೆ ದೇಹದಿಂದ ಕಳೆದುಹೋಗುತ್ತದೆ. ಹುಣ್ಣಾದ ಕರುಳಿನಿಂದ ಮಲದಲ್ಲೂ ಸೋರಿಹೋಗುತ್ತದೆ. ಅಂಥವರಿಗೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಇಲ್ಲವೇ ಅಂತರ ತಗ್ಗಿಸಬೇಕಾಗುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಅಳೆಯುವ ಪರೀಕ್ಷೆ ಇರುವುದೇ ಇದಕ್ಕಾಗಿ. ಆ ವರದಿ ಹಿಡಿದು ತಜ್ಞರು ಬರೆದದ್ದನ್ನು ಮಗುವನ್ನು ಕಣ್ಣಿಂದಲೂ ನೋಡದವರು ತಿದ್ದುವುದು ಸರಿಯಲ್ಲ.

ನನ್ನನ್ನು ಹೆಚ್ಚು ಕಾಡುವುದು ನಡುವೆ ಬೀಳುವ ಬಿಡುವು. ಕಳೆದ ವರ್ಷ ಔಷಧದ ಮಂಜೂರಾತಿ ನವೀಕರಣದ ಕಡತ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಮಗಳ ಸರದಿ ತಪ್ಪಿತು, ಮತ್ತೆ ರಕ್ತ ಕಾಣಿಸಿಕೊಂಡಿತು. ಹೀಗೆ ತಡವಾದರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಆಮೇಲೆ ಅದೇ ಔಷಧ ನಾಟದೆ ಹೋಗಬಹುದು, ಹನಿಸುವಾಗಲೇ ಅಲರ್ಜಿ ಆಗಬಹುದು. ಯಾವ ಔಷಧಕ್ಕೂ ಬಗ್ಗದಿದ್ದರೆ ಉಳಿಯುವುದು ದೊಡ್ಡ ಕರುಳನ್ನು ತೆಗೆಯುವ ಶಸ್ತ್ರಚಿಕಿತ್ಸೆ.

ಬಯಲಾಜಿಕ್‌ಗಳಿಗೂ ಅಪಾಯಗಳಿವೆ. ಶುರು ಮಾಡುವ ಮುನ್ನ ಕ್ಷಯದ ಪರೀಕ್ಷೆ ಬೇಕು, ಸೋಂಕಿನ ಮೇಲೆ ಸದಾ ಕಣ್ಣಿಡಬೇಕು. ಆ ಎಚ್ಚರಿಕೆಯನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಮೂಲ ಬಯಲಾಜಿಕ್ ಔಷಧವನ್ನೇ ಹೋಲುವ ಬಯೋಸಿಮಿಲರ್ ಕೊಟ್ಟರೂ ನಮ್ಮ ತಕರಾರಿಲ್ಲ.

ನವೀಕರಣದ ಅರ್ಜಿ ಇತ್ಯರ್ಥವಾಗುವವರೆಗೆ ಹಳೆಯ ಮಂಜೂರಾತಿ ತಾನಾಗಿಯೇ ಮುಂದುವರಿಯಲಿ. ಪ್ರಮಾಣವನ್ನು ಮಕ್ಕಳ ಉದರರೋಗ ತಜ್ಞರೇ ನಿರ್ಧರಿಸಲಿ. ಔಷಧಮಟ್ಟದ ಪರೀಕ್ಷೆಯೂ ಚಿಕಿತ್ಸೆಯ ಭಾಗವೆಂದು ಮಂಜೂರಾಗಲಿ. ಇವುಗಳಲ್ಲಿ ಮೊದಲನೆಯದಕ್ಕೆ ಹೊಸ ಕಾನೂನೇನೂ ಬೇಕಾಗದು, ತಮ್ಮ ಒಂದು ಸುತ್ತೋಲೆ ಸಾಕೆಂದು ನಂಬಿದ್ದೇನೆ. ದಯವಿಟ್ಟು ಅದನ್ನು ಈಗಲೇ ಹೊರಡಿಸಿ.

ಇತಿ,
ಒಬ್ಬ ತಾಯಿ