ಗೆಳೆಯನಿಗೊಂದು ಪತ್ರ: ನಿನ್ನ ಕಳ್ಳಿ, ನಮ್ಮ ಕಟ್ಟೆ

ಪ್ರೀತಿಯ ಗೆಳೆಯ,

ಬೆಂಗಳೂರಿನ ನಿನ್ನ ಬಾಲ್ಕನಿಗೆ ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ಬಂದ ಸುದ್ದಿ ಮಂಡ್ಯದವರೆಗೂ ತಲುಪಿತು. ಸಾಕುವುದು ಹೇಗೆ ಅಂತ ಕೇಳಿದ್ದೀಯ. ಬೇರೆಯವರಿಗೂ ಉಪಯೋಗವಾಗಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ನೀರಿನ ಮಗ್ಗು ದೂರ ಇಡು. ಈ ಗಿಡ ಬಾಯಾರಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಜಾಸ್ತಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆ. ಹಸಿ ಮಣ್ಣು ಅಂಟಿದ್ದರೆ ನೀರು ಬೇಡ. ಪೂರ್ತಿ ಒಣಗಿದ್ದರೆ ಮಾತ್ರ ತಳದ ತೂತಿನಿಂದ ಇಳಿದು ಹೋಗುವಷ್ಟು ಹಾಕು. ಕೆಮ್ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಸೂರಿನ ಕೆಳಗೆ ಸರಿಸು. ಚಳಿಗಾಲದಲ್ಲಿ ನೀರು ಇನ್ನೂ ಕಡಿಮೆ.

ಅದರ ಮೈಮೇಲಿನ ಏಣುಗಳನ್ನು ನೋಡಿದ್ದೀಯಾ? ನೀರು ಸಿಕ್ಕಾಗ ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಳ್ಳುತ್ತವೆ, ಬರ ಬಂದರೆ ಮಡಚಿಕೊಳ್ಳುತ್ತವೆ. ಹಗಲಿನ ಬಿಸಿಗೆ ನೀರು ಆರಿಹೋಗದಂತೆ ಅದು ರಾತ್ರಿ ಹೊತ್ತು ಗಾಳಿ ಎಳೆದುಕೊಳ್ಳುತ್ತದೆ. ನೆತ್ತಿಯಲ್ಲಿ ಹಳದಿ ಹೂ ಬರುವುದಕ್ಕೆ ಎಷ್ಟೋ ವರ್ಷ ಬೇಕು. ಕಾಯಬೇಕು, ಅಷ್ಟೇ.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಈ ಗಿಡದ ತವರು ಯಾವುದು ಅಂತ ಓದಿದ ಮೇಲೆ ಮನಸ್ಸು ಸರಿಯಿಲ್ಲ ಕಣೋ. ಮೆಕ್ಸಿಕೋದ ಕೆರೆತಾರೋ, ಹಿದಾಲ್ಗೋ ಸೀಮೆಯ ಕಲ್ಲುಬೆಟ್ಟಗಳು ಅದರ ಊರು. ಅಲ್ಲಿ 1990ರ ದಶಕದಲ್ಲಿ ಮೊಕ್ಟೆಸುಮಾ ನದಿಗೆ ಸಿಮಪಾನ್ ಅಣೆಕಟ್ಟು ಕಟ್ಟಿದರು. ಗಿಡ ಬೆಳೆಯುತ್ತಿದ್ದ ಕಣಿವೆ ಮುಳುಗಿತು. ಇವತ್ತು ಜಗತ್ತಿನ ನರ್ಸರಿಗಳಲ್ಲೆಲ್ಲ ಅದು ಸಿಗುತ್ತದೆ. ತನ್ನ ನೆಲದಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿದೆ.

"ನಮ್ಮವ್ವನೂರು ನೀರೊಳ್ಗದೆ ಕನ ಮಗ" ಅನ್ನುತ್ತಿದ್ದಳು ನಮ್ಮಜ್ಜಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಆಮೇಲೆ ಮುಳುಗಿದ ಊರುಗಳಲ್ಲಿ ಮುತ್ತಜ್ಜಿಯದೂ ಒಂದು. ವೇಣುಗೋಪಾಲ ಸ್ವಾಮಿಯ ಗುಡಿಯ ಕಲ್ಲುಗಳನ್ನಾದರೂ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಮುತ್ತಜ್ಜಿಯ ಅಂಗಳ ಹಾಗೆ ಬರಲಿಲ್ಲ. ಅದೇ ನೀರು ನಾಲೆಯಲ್ಲಿ ಬಂದು ನಮ್ಮ ಕಬ್ಬು, ಭತ್ತ ಬೆಳೆಸಿತು. ನನ್ನನ್ನೂ ಓದಿಸಿತು. ಕಟ್ಟೆ ತುಂಬಿ ನೀರಿನ ಮಟ್ಟ 124.80 ಅಡಿ ಮುಟ್ಟಿದ ದಿನ ಈಗಲೂ ನನಗೆ ಹಬ್ಬವೇ. ಆ ಖುಷಿ ಸುಳ್ಳಲ್ಲ. ಅಜ್ಜಿಯ ಮಾತೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳುವುದು ಕಷ್ಟ.

ಇನ್ನೊಂದು ವಿಷಯ, ಇನ್ನೂ ಯಾರಿಗೂ ಹೇಳಿಲ್ಲ. ನಾಲೆ ಪಕ್ಕದ ಗದ್ದೆ ಮಾರುವ ಮಾತು ನಡೆದಿದೆ. ಅಣ್ಣ ಒಪ್ಪಿದ್ದಾನೆ. ನನಗೆ ಇಷ್ಟವಿಲ್ಲ. ನೀರು ಬಂದು ಮುತ್ತಜ್ಜಿಯ ಊರು ಹೋಯಿತು. ನಮ್ಮದು ನೀರಿದ್ದೂ ಹೋಗುತ್ತದೆಯಲ್ಲ ಅಂತ ರಾತ್ರಿ ನಿದ್ದೆ ಬರುವುದಿಲ್ಲ.

ಇರಲಿ, ಬಿಡು. ಇದನ್ನೆಲ್ಲ ಇಲ್ಲಿ ಬರೆಯುವವನಿರಲಿಲ್ಲ.

ದಸರಾ ರಜೆಗೆ ಬರುವಾಗ ಗಿಡವನ್ನೂ ತಾ. ಗೋಣಿಚೀಲ ಸುತ್ತಿ ಹಿಡಿದುಕೊಂಡು ಇಬ್ಬರೂ ಸೇರಿ ದೊಡ್ಡ ಕುಂಡಕ್ಕೆ ಬದಲಿಸೋಣ. ಅಮ್ಮ ನಿನಗೆ ಅಂತ ಒಬ್ಬಟ್ಟು ಮಾಡುತ್ತಾಳೆ.

ನಿನ್ನವನು